ಕೊಕ್ಕರೆ ತಪ್ಪಿಸಿದ ಮೂರು ಗೋಲು

ಡಲ್ಲಾಸ್ ಬಳಿಯ ಸೌತ್‌ಲೇಕಿನ ಶ್ರೀಕಂಠನ ಮನೆಯ ಹಜಾರದಲ್ಲಿ, ಟೀವಿಯ ಕೆಳಗಿನ ಗೂಡಿನಲ್ಲಿ, ಕಸೂತಿ ಹಾಕಿದ ಬಿಳಿ ಬಟ್ಟೆಯೊಂದನ್ನು ಹೊದ್ದು ಒಂದು ವಿಸಿಆರ್ ಕುಳಿತಿದೆ. ಅದರ ಹಣೆಯ ಮೇಲೆ, ಗಂಟೆ ತೋರಿಸುವ ಹಸಿರು ಅಂಕಿಗಳ ಪಕ್ಕದಲ್ಲಿ, ಒಂದು ಕುಂಕುಮದ ಬೊಟ್ಟು. ಮಿತ್ರರೇ, ನೀವು ಟೆಕ್ಸಸ್ಸಿನ ಕನ್ನಡಿಗರ ಮನೆಗಳನ್ನು ಹೊಕ್ಕು ಬಂದವರಾದರೆ ಈ ಜಾತಿಯ ವಿಸಿಆರನ್ನು ನೋಡಿಯೇ ಇರುತ್ತೀರಿ. ಅಮೆರಿಕದ ಸಾಮಾನ್ಯ ವಿಸಿಆರಿಗೆ ಭಾರತದ ಕ್ಯಾಸೆಟ್ಟು ಹಾಕಿದರೆ ಪರದೆಯ ಮೇಲೆ ಸಾಸಿವೆ ಸಿಡಿದಂತೆ ಚುಕ್ಕಿಗಳು ಸಿಡಿಯುತ್ತವೆಯೇ ಹೊರತು ವಧೂವರರು ಮೂಡುವುದಿಲ್ಲ. ಎರಡು ದೇಶಗಳು ಚಿತ್ರವನ್ನು ಟೇಪಿನ ಮೇಲೆ ಬರೆಯುವ ಕ್ರಮವೇ ಬೇರೆ. ಆದ್ದರಿಂದ ಇಲ್ಲಿಯ ಸಂಸಾರಗಳು ಎರಡೂ ಕ್ರಮವನ್ನು ಓದಬಲ್ಲ ಮಲ್ಟಿಸಿಸ್ಟಮ್ ವಿಸಿಆರನ್ನು ಹುಡುಕಿ ತರಿಸಿಕೊಂಡವು; ತರಿಸಿಕೊಂಡ ಮೇಲೆ ತಮ್ಮ ಮದುವೆಯನ್ನು ಎರಡು ಸಲ ನೋಡಿ, ಅಂದಿನ ಸೊಂಟದ ಅಳತೆಗೆ ನಿಟ್ಟುಸಿರುಬಿಟ್ಟು, ಮತ್ತೆ ಅದರ ಗೊಡವೆಗೆ ಹೋಗಲಿಲ್ಲ.

ಶ್ರೀಕಂಠನ ವಿಸಿಆರಿಗೆ ಮಾತ್ರ ಆ ಸುಖವಿರಲಿಲ್ಲ. ಆಸ್ಟ್ರೇಲಿಯವೂ ಭಾರತದ ಕ್ರಮವನ್ನೇ ಅನುಸರಿಸುವ ದೇಶ. ಶ್ರೀಕಂಠ ಮೈಸೂರಿನವನು, ಮೆಲ್ಬರ್ನಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಕಂಪನಿ ಡಲ್ಲಾಸಿಗೆ ಹಾಕಿದಾಗ ಹೆಂಡತಿ ವತ್ಸಲಾ, ನಾಲ್ಕು ಸೂಟ್‌ಕೇಸು ಮತ್ತು ಅಲ್ಲಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಮೇಲಿನ ವ್ಯಾಮೋಹವನ್ನು ಕಟ್ಟಿಕೊಂಡು ಬಂದ. ಕ್ಲಬ್ಬಿನ ಹೆಸರನ್ನು ನಾನು ಬರೆಯುವುದಿಲ್ಲ. ಅದರ ಅಭಿಮಾನಿಗಳು ಈಗಾಗಲೇ ಸಾಕಷ್ಟು ನೊಂದಿದ್ದಾರೆ. ಅದೇ ವ್ಯಾಧಿಯನ್ನು ಅದೇ ಊರಿನಲ್ಲಿ ಅಂಟಿಸಿಕೊಂಡು ಬಂದ ಇನ್ನೊಬ್ಬರು, ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿರುವ ಮೂಳೆ ವೈದ್ಯ ಡಾಕ್ಟರ್ ಇಟಗಿ. ವತ್ಸಲಾಳ ತಮ್ಮ ಮುರಳಿ ಮೆಲ್ಬರ್ನಿನಲ್ಲೇ ಉಳಿದಿದ್ದ. ಪ್ರತಿ ಪಂದ್ಯವನ್ನೂ ರೆಕಾರ್ಡ್ ಮಾಡಿ ಅಂಚೆಗೆ ಹಾಕುವುದು ಭಾವ ಅವನಿಗೆ ಹೊರಿಸಿದ ವ್ರತ. ಕ್ಯಾಸೆಟ್ಟು ಎರಡು ಮೂರು ವಾರಕ್ಕೆ ಬರುತ್ತಿತ್ತು. ಬಂದ ಭಾನುವಾರ ಮಧ್ಯಾಹ್ನ ಇಟಗಿಯವರು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಸೌತ್‌ಲೇಕಿಗೆ ಬರುತ್ತಿದ್ದರು. ಆಸ್ಟಿನ್ನಿನಿಂದ ನಾನೂ ಹೋಗುತ್ತಿದ್ದೆ.

ನಾನು ಯಾವ ಕ್ಲಬ್ಬಿನ ಅಭಿಮಾನಿಯೂ ಅಲ್ಲ. ಬೆಂಗಳೂರಿನ ಪತ್ರಿಕೆಯೊಂದರ ಕ್ರೀಡಾಪುಟದಲ್ಲಿ ಹದಿನಾಲ್ಕು ವರ್ಷ ಬೇರೆಯವರ ವಾಕ್ಯಗಳನ್ನು ತಿದ್ದಿ, ಆಮೇಲೆ ಹೆಂಡತಿಯ ಕೆಲಸದ ಬೆನ್ನು ಹಿಡಿದು ಆಸ್ಟಿನ್ನಿಗೆ ಬಂದವನು. ಶ್ರೀಕಂಠ ನನ್ನ ಕಾಲೇಜಿನ ಗೆಳೆಯ. ಈ ಇಬ್ಬರ ವಾದದಲ್ಲಿ ಯಾರು ಯಾವಾಗ ಏನು ಹೇಳಿದರೆಂಬುದೇ ದೊಡ್ಡ ಜಗಳವಾಗುತ್ತಿದ್ದುದರಿಂದ, ‘ನೀನು ಪೇಪರಿನವನು, ಬರೆದಿಟ್ಟುಕೋ’ ಎಂದು ನನ್ನನ್ನು ಕರೆಸಿಕೊಂಡಿದ್ದರು. ನಾನೂ ಒಂದು ನೋಟ್‌ಬುಕ್ಕು ಇಟ್ಟುಕೊಂಡೆ. ವತ್ಸಲಾ ಮಾಡುವ ಬಿಸಿಬೇಳೆ ಭಾತಿಗಾಗಿ ಹೋಗುತ್ತಿದ್ದೆ ಎಂಬುದನ್ನು ದಾಖಲೆಯ ಪ್ರಾಮಾಣಿಕತೆಗಾಗಿ ಸೇರಿಸುತ್ತೇನೆ.

ಆಟದ ಬಗ್ಗೆ ನೀವು ತಿಳಿಯಬೇಕಾದದ್ದು ಸ್ವಲ್ಪವೇ. ಮೈದಾನ ಮೊಟ್ಟೆಯಾಕಾರ, ಚೆಂಡು ಸುಲಿದ ತೆಂಗಿನಕಾಯಿಯಾಕಾರ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಒದ್ದರೆ ಗುರಿ ತಪ್ಪಿದಂತೆ, ಆದರೂ ಒಂದು ಅಂಕ. ತಪ್ಪಿಗೂ ಅಂಕ ಕೊಡುವ ಇಷ್ಟು ದಯಾಳುವಾದ ಆಟವನ್ನು ನಾನು ಬೇರೆ ಕಂಡಿಲ್ಲ. ಕಂಬಗಳ ಬಳಿ ಬಿಳಿ ಕೋಟಿನ ತೀರ್ಪುಗಾರ ನಿಂತಿರುತ್ತಾನೆ: ಗೋಲಾದರೆ ಎರಡು ಕೈಯ ಎರಡು ಬೆರಳು ಚಾಚುತ್ತಾನೆ, ತಪ್ಪಿದರೆ ಒಂದೇ ಬೆರಳು. ಇನ್ನು ಡ್ರಾಫ್ಟ್ ಎಂಬುದೊಂದಿದೆ. ನಮ್ಮ ಸಿಇಟಿ ಕೌನ್ಸೆಲಿಂಗಿನಲ್ಲಿ ಮಕ್ಕಳು ಸರದಿಯಲ್ಲಿ ಬಂದು ಕಾಲೇಜು ಆರಿಸಿಕೊಳ್ಳುತ್ತಾರಲ್ಲ, ಅದನ್ನು ತಲೆಕೆಳಗು ಮಾಡಿ. ಅಲ್ಲಿ ಕ್ಲಬ್ಬುಗಳು ಸರದಿಯಲ್ಲಿ ಬಂದು ಹದಿನೆಂಟರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುತ್ತವೆ; ಹಿಂದಿನ ವರ್ಷ ಎಲ್ಲರಿಗಿಂತ ಕಳಪೆಯಾಗಿ ಆಡಿದ ಕ್ಲಬ್ಬಿಗೆ ಮೊದಲ ಸರದಿ. ನಮ್ಮ ಕ್ಲಬ್ಬು ಈ ಗೌರವಕ್ಕೆ ವರ್ಷವರ್ಷವೂ ಸನಿಹದಲ್ಲೇ ಇರುತ್ತಿತ್ತು.

ಆ ವರ್ಷ ಅದಕ್ಕೆ ಮೂರನೆಯ ಸರದಿ ಬಂದಿತ್ತು. ಎದುರಿಗೆ ಉಳಿದವರಲ್ಲಿ ಇಬ್ಬರು ಗಣ್ಯರು: ಒಬ್ಬ ಗಿಡ್ಡ, ಇಲಿಯಂತೆ ಚುರುಕು, ಇನ್ನೊಬ್ಬ ಗೋಧಿ ಬೆಳೆಯುವ ಊರಿನ, ಬಾಗಿಲ ಚೌಕಟ್ಟಿಗೆ ಹಣೆ ತಾಗಿಸಿಕೊಳ್ಳುವಷ್ಟು ಉದ್ದದ ಹುಡುಗ. ಮುಂಚೂಣಿಯಲ್ಲಿ ನಿಂತು ಗೋಲು ಒದೆಯಲು ಉದ್ದದವನೇ ಬೇಕೆಂದು ಕ್ಲಬ್ಬು ಅವನನ್ನು ಆರಿಸಿತು. ಗಿಡ್ಡ ಬೇರೆ ಕ್ಲಬ್ಬಿಗೆ ಹೋಗಿ ಮೊದಲ ತಿಂಗಳಲ್ಲೇ ಮೆಲ್ಬರ್ನಿನ ಪೇಪರುಗಳ ಕಣ್ಮಣಿಯಾದ. ನಮ್ಮವನು ಅಭ್ಯಾಸದ ಪಂದ್ಯಗಳಲ್ಲಿ ಕಾಲಿಗೆ ಕಾಲು ತೊಡರಿಸಿಕೊಂಡು ಬಿದ್ದ. ಸೌತ್‌ಲೇಕಿನ ಸೋಫಾದ ಮೇಲೆ ಅವನಿಗೆ ‘ಕೊಕ್ಕರೆ’ ಎಂದು ನಾಮಕರಣವಾಯಿತು.

"ನಾನು ಆವತ್ತೇ ಹೇಳಿದ್ದೆ, ಗಿಡ್ಡನ್ನ ಬಿಡಬಾರದು ಅಂತ," ಎಂದ ಶ್ರೀಕಂಠ.

ನಾನು ಡ್ರಾಫ್ಟಿನ ವಾರದ ಪುಟ ತೆರೆದು, ಅವನದೇ ಮಾತನ್ನು ಯಾವ ರಾಗವೂ ಇಲ್ಲದೆ ಓದಿದೆ: "ಎತ್ತರ ಇದ್ರೆ ಎಲ್ಲಾ ಇದ್ದಂಗೆ. ಗಿಡ್ಡನ್ನ ತಗೊಂಡ್ರೆ ಇವರಷ್ಟು ದಡ್ಡರಿಲ್ಲ."

"ಅದು ಕಾಂಟೆಕ್ಸ್ಟ್ ಬೇರೆ ಇತ್ತು."

"ಕಾಂಟೆಕ್ಸ್ಟ್ ಏನಿಲ್ರೀ," ಎಂದರು ಇಟಗಿ, ಕೋಡುಬಳೆ ಮುರಿಯುತ್ತಾ. "ಅವತ್ತ ನಿಮಗ ಉದ್ದ ಕಂಡಿತ್ತು, ಇವತ್ತ ಗಿಡ್ಡ ಕಾಣಾಕತ್ತಾನ. ಆ ಹುಡುಗನ ಎಲುಬು ಇನ್ನ ಬೆಳೀಲಿಕ್ಕತ್ತಾವ. ಎರಡು ವರ್ಷ ತಡೀರಿ."

"ಎರಡು ವರ್ಷದ ಹಿಂದೆ ಆರಿಸಿದ ಡಿಫೆಂಡರ್‌ಗೂ ಹಿಂಗೇ ಅಂದ್ರಿ ಡಾಕ್ಟ್ರೇ. ಅವನು ಮಂಡಿ ಮುರ್ಕೊಂಡು ಈಗ ಕುರಿ ಕಾಯ್ತಾ ಇದಾನೆ."

"ಮಂಡಿ ಮುರೀಬಾರದು ಅಂತ ಡ್ರಾಫ್ಟಿನ್ಯಾಗ ಕಂಡೀಷನ್ ಹಾಕಾಕ ಬರಂಗಿಲ್ರೀ. ಬರ್ಕೋರಿ ಸಂಪಾದಕ್ರ, ಇದನ್ನ ಬರ್ಕೋರಿ."

ನಾನು ಬರೆದುಕೊಳ್ಳುತ್ತಿದ್ದೆ. ಹತ್ತು ಸಾವಿರ ಮೈಲು ದೂರದ ಕ್ಲಬ್ಬಿನ ಆಯ್ಕೆ ಸಮಿತಿಗೆ ಈ ಮನೆಯ ಬಿಸಿಬೇಳೆ ಭಾತಿನ ವಾಸನೆಯೂ ತಿಳಿಯದು. ಆದರೂ ಇಬ್ಬರು ವಿದ್ಯಾವಂತರು, ಒಬ್ಬರು ಮನುಷ್ಯರ ಮೂಳೆ ಜೋಡಿಸುವವರು, ಇನ್ನೊಬ್ಬ ಬ್ಯಾಂಕುಗಳ ಕಂಪ್ಯೂಟರು ಕಾಯುವವನು, ಮುಗಿದುಹೋದ ಆಯ್ಕೆಯನ್ನು ಪ್ರತಿ ಭಾನುವಾರ ಹೊಸದಾಗಿ ನಡೆಸುತ್ತಿದ್ದರು. ಹಿಂದಿನದನ್ನು ಆರಿಸುವುದರಲ್ಲಿ ಮನುಷ್ಯ ಎಂದೂ ತಪ್ಪುವುದಿಲ್ಲ. ಯಾವ ಕೆರೆಯಲ್ಲಿ ನೀರಿತ್ತೆಂದು ಬೇಸಿಗೆ ಕಳೆದ ಮೇಲೆ ಹೇಳುವ ಜ್ಯೋತಿಷಿಗಳು ನಾವೆಲ್ಲ.

ಕೊಕ್ಕರೆಗೆ ಕೊನೆಗೂ ಕ್ಲಬ್ಬಿನ ಮುಖ್ಯ ತಂಡದಲ್ಲಿ ಸ್ಥಾನ ಸಿಕ್ಕಿತೆಂಬ ಸುದ್ದಿ ಬಂದ ಶುಕ್ರವಾರ ಸಂಜೆ ಶ್ರೀಕಂಠ ಆಫೀಸಿನಿಂದ ಹೊರಡುವ ಮುಂಚೆಯೇ ಮೆಲ್ಬರ್ನಿಗೆ ಫೋನ್ ಮಾಡಿದ. ಅಲ್ಲಿ ಶನಿವಾರ ಬೆಳಗು. ಹೊಸ ಕ್ಯಾಸೆಟ್ಟು ಮುಗಿದಿದೆ ಎಂದ ಮುರಳಿ. ಅದಕ್ಕೆ ಶ್ರೀಕಂಠ ಕೊಟ್ಟ ಉತ್ತರ ಆಗ ನನಗೆ ತಿಳಿಯದು. ಆಮೇಲೆ ಎಲ್ಲರಿಗೂ ತಿಳಿಯಿತು.

ಮೂರು ವಾರದ ನಂತರ ಕ್ಯಾಸೆಟ್ಟು ಬಂತು. ಅದು ಬರುವವರೆಗೆ ಯಾರೂ ಇಂಟರ್‌ನೆಟ್ಟಿನಲ್ಲಿ ಸ್ಕೋರು ನೋಡಬಾರದೆಂಬುದು ನಮ್ಮ ಮಡಿ. ಇಟಗಿಯವರು ಪ್ರತಿ ಸಲವೂ ನೋಡಿರುತ್ತಿದ್ದರು. ಸೋಲುವ ಪಂದ್ಯವಾದರೆ ಬರುವಾಗ ಸಿಹಿ ತರುತ್ತಿದ್ದರು. ಅಂದು ಧಾರವಾಡ ಪೇಡೆ ತಂದಿದ್ದರು. ಶ್ರೀಕಂಠ ಡಬ್ಬಿ ನೋಡಿದವನೇ ಸೋಫಾದಲ್ಲಿ ಕುಸಿದ.

ನನ್ನ ನೋಟ್‌ಬುಕ್ಕಿನ ದಾಖಲೆ ಇಷ್ಟು. ಆಟದ ನಾಲ್ಕು ಭಾಗಗಳಲ್ಲಿ ಮೊದಲ ಮೂರರಲ್ಲಿ ಕೊಕ್ಕರೆಗೆ ಚೆಂಡು ಸಿಕ್ಕಿದ್ದೇ ಅಪರೂಪ. ಕೊನೆಯ ಭಾಗದಲ್ಲಿ ಮೂರು ಸಲ ಎಲ್ಲರ ತಲೆಯ ಮೇಲಿಂದ ಚೆಂಡನ್ನು ಹಣ್ಣು ಕಿತ್ತಂತೆ ಕಿತ್ತ. ಮೂರು ಸಲವೂ ಗೋಲಿನ ನೇರಕ್ಕೆ, ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ. ಮೂರು ಸಲವೂ ಬಿಳಿ ಕೋಟಿನವನು ಒಂದೇ ಬೆರಳು ಚಾಚಿದ. ಕ್ಲಬ್ಬು ಹನ್ನೊಂದು ಅಂಕಗಳಿಂದ ಸೋತಿತು. ನಾನು ಬರೆದೆ: ‘ಮೂರು ಅವಕಾಶ, ಮೂರೂ ವ್ಯರ್ಥ.’

ಆಟ ಮುಗಿದೊಡನೆ ವಿಸಿಆರ್ ನಿಲ್ಲಿಸುವುದು ವಾಡಿಕೆ. ಅಂದು ಶ್ರೀಕಂಠ ಎದ್ದು ನಿಂತು ಆಯ್ಕೆ ಸಮಿತಿಯ ವಂಶವನ್ನು ಮೂರು ತಲೆಮಾರಿನವರೆಗೆ ವಿಚಾರಿಸುತ್ತಿದ್ದುದರಿಂದ ರಿಮೋಟು ಯಾರಿಗೂ ನೆನಪಾಗಲಿಲ್ಲ. "ಆರಿಸುವಾಗ ಕಣ್ಣು ಬಿಟ್ಟು ನೋಡ್ಬೇಕು ಸ್ವಾಮಿ! ಕೈಗೆ ಸಿಕ್ಕಿದ್ದನ್ನ ಎತ್ಕೊಂಡ್ರೆ ಹಿಂಗೇ ಆಗೋದು!" ಎನ್ನುತ್ತಿದ್ದ. ಪರದೆ ಒಂದು ಕ್ಷಣ ಕಪ್ಪಾಯಿತು, ನಡುಗಿತು, ಆಮೇಲೆ ನಾದಸ್ವರ ಕೇಳಿಸಿತು.

ಬಾಳೆಲೆಗಳ ಸಾಲು. ಪಂಚೆಯ ಮೇಲೆ ಟವೆಲು ಬಿಗಿದ ಬಡಿಸುವವರು. ಒಂದೂವರೆ ನಿಮಿಷ ಎಲೆಗಳೇ ಎಲೆಗಳು. ಆಮೇಲೆ ಸಾಲಿನ ಕೊನೆಯಿಂದ ಒಂದು ಧ್ವನಿ: "ಇವ್ರಿಗೆ ಇನ್ನೊಂದು ಹೋಳಿಗೆ ಹಾಕಪ್ಪಾ, ಸಂಕೋಚ ಪಟ್ಕೊಳ್ತಾ ಇದಾರೆ." ಧ್ವನಿಯ ಹಿಂದೆಯೇ ದಪ್ಪ ಕನ್ನಡಕದ, ತೆಳ್ಳನೆಯ ಮನುಷ್ಯರೊಬ್ಬರು ಚೌಕಟ್ಟಿನೊಳಗೆ ಬಂದರು, ಕ್ಯಾಮೆರಾ ತಮ್ಮನ್ನು ನೋಡುತ್ತಿದೆಯೆಂದು ತಿಳಿದು ಅಂಗೈ ಅಡ್ಡ ಹಿಡಿದರು. "ನನ್ನನ್ನ ಯಾಕಪ್ಪಾ ತೆಗೀತೀಯ? ಊಟ ಮಾಡೋರನ್ನ ತೆಗಿ." ಕ್ಯಾಮೆರಾದವನು ವಿಧೇಯನಾಗಿ ಅತ್ತ ತಿರುಗಿದ. ಅಲ್ಲಿಂದ ಟೇಪು ಮುಗಿಯುವವರೆಗೆ, ಏಳು ನಿಮಿಷ, ಇಂದಿಗೂ ಯಾರೆಂದು ಗೊತ್ತಾಗದ ಒಬ್ಬ ದಪ್ಪ ಮನುಷ್ಯ ಸಾರನ್ನ ಕಲಸಿ ಉಣ್ಣುವುದನ್ನು ನೋಡಿದೆವು.

ಅಡುಗೆಮನೆಯ ಬಾಗಿಲಲ್ಲಿ ವತ್ಸಲಾ ನಿಂತಿದ್ದಳು, ಕೈಯಲ್ಲಿ ಸೌಟು. ಆ ಧ್ವನಿ ಅವಳ ತಂದೆಯದು. ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ತೀರಿಕೊಂಡು ಎರಡು ವರ್ಷವಾಗಿತ್ತು. ಫೋಟೋಗಳು ಬೇಕಾದಷ್ಟಿದ್ದವು. ಅವರು ನಡೆಯುವುದು, ಮಾತಾಡುವುದು ಉಳಿದಿದ್ದು ಇವಳ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಅದಕ್ಕೆ ಎರಡನೆಯ ಪ್ರತಿಯಿರಲಿಲ್ಲ. ನೋಡಿ ಕೊಡುತ್ತೇನೆಂದು ಮುರಳಿ ಇಸಿದುಕೊಂಡಿದ್ದ.

ಅವಳು ಸೌಟನ್ನು ಮೇಜಿನ ಮೇಲಿಟ್ಟು ಫೋನು ತೆಗೆದುಕೊಂಡಳು. ಮೆಲ್ಬರ್ನಿನಲ್ಲಿ ಸೋಮವಾರದ ಬೆಳಗು. ಸ್ಪೀಕರಿನಲ್ಲಿ ಮುರಳಿಯ ನಿದ್ದೆಗಣ್ಣಿನ ಧ್ವನಿ ಬಂತು.

"ಮುರಳಿ, ಅಪ್ಪನ ಕ್ಯಾಸೆಟ್ ಎಲ್ಲಿದೆ?"

"ಶೆಲ್ಫಲ್ಲೇ ಇದೆಯಲ್ಲಕ್ಕ. ಅಮ್ಮ ಕುಂಕುಮ ಇಟ್ಟಿದ್ಳಲ್ಲ, ಅದೇ."

"ಎದ್ದು ನೋಡು."

ಹೆಜ್ಜೆಯ ಸದ್ದು, ಪ್ಲಾಸ್ಟಿಕ್ಕು ಸರಿದಾಡುವ ಸದ್ದು.

"ಅಕ್ಕಾ," ಎಂದ ಮುರಳಿ, "ಎಲ್ಲದರ ಮೇಲೂ ಕುಂಕುಮ ಇದೆ."

ವಿವರ ಹೀಗೆ. ಆ ಮನೆಯವರು ಮದುವೆಯ ಕ್ಯಾಸೆಟ್ಟಿಗೆ ಲೇಬಲ್ ಬರೆದಿರಲಿಲ್ಲ. ತಾಯಿ ಅದರ ಬೆನ್ನಿಗೆ ಒಂದು ಬೊಟ್ಟಿಟ್ಟಿದ್ದರು, ಅದೇ ಗುರುತು. ಹಿಂದಿನ ಆಯುಧಪೂಜೆಯಂದು ಮುರಳಿ, ಪರದೇಶದಲ್ಲಿ ಒಬ್ಬಂಟಿಯಾಗಿರುವವರಿಗೆ ಮಾತ್ರ ಬರುವ ಉಕ್ಕುವ ಭಕ್ತಿಯಲ್ಲಿ, ಕಾರಿಗಿಟ್ಟು, ಕಂಪ್ಯೂಟರಿಗಿಟ್ಟು, ವಿಸಿಆರಿಗಿಟ್ಟು, ಬಟ್ಟಲಲ್ಲಿ ಕುಂಕುಮ ಉಳಿಯಿತೆಂದು ಶೆಲ್ಫಿನ ಕ್ಯಾಸೆಟ್ಟುಗಳಿಗೆಲ್ಲ ಸಾಲಾಗಿ ಇಟ್ಟುಬಿಟ್ಟಿದ್ದ. ಒಂದು ಕ್ಯಾಸೆಟ್ಟನ್ನು ಕಾಯಲು ಇಟ್ಟ ಬೊಟ್ಟು ಎಲ್ಲವನ್ನೂ ಕಾಯಹೊರಟು ಯಾವುದನ್ನೂ ಕಾಯಲಿಲ್ಲ.

"ಆವತ್ತು ಟೈಮಿರಲಿಲ್ಲ ಅಕ್ಕ. ಭಾವನೇ ಹೇಳಿದ್ದು, ಯಾವುದಾದ್ರೂ ಹಳೇದ್ರ ಮೇಲೆ ಹಾಕು, ಕೈಗೆ ಸಿಕ್ಕಿದ್ದು ತಗೋ ಅಂತ..."

ಈಗ ನಿಮಗೆ ಮೌನ ನೆಲೆಸಿತೆನ್ನಿಸಬಹುದು. ಇಲ್ಲ. ನಮ್ಮವರು ತಕ್ಷಣ ಆಯ್ಕೆಯ ಮರುವಿಮರ್ಶೆಗೆ ಇಳಿದರು. ಲೇಬಲ್ ಬರೆಯಬೇಕಿತ್ತು ಎಂದ ಶ್ರೀಕಂಠ. ಕ್ಯಾಸೆಟ್ಟಿನ ಮೂಲೆಯ ಪ್ಲಾಸ್ಟಿಕ್ ತುಂಡು ಮುರಿದಿಟ್ಟಿದ್ದರೆ ಅದರ ಮೇಲೆ ರೆಕಾರ್ಡೇ ಆಗುತ್ತಿರಲಿಲ್ಲ ಎಂದರು ಇಟಗಿ. ಪ್ರತಿ ಮಾಡಿಸಬೇಕಿತ್ತು ಎಂದ ಮುರಳಿ, ಸಾಗರದಾಚೆಯಿಂದ. ಮೂವರೂ ಸರಿಯಾಗಿಯೇ ಹೇಳುತ್ತಿದ್ದರು. ವತ್ಸಲಾ ಎಲ್ಲವನ್ನೂ ಕೇಳಿ, ಫೋನಿಟ್ಟು, ನನ್ನ ಕಡೆ ತಿರುಗಿದಳು.

"ಏನಣ್ಣ, ಇದನ್ನೂ ಬರ್ಕೊಂಡ್ರಾ?"

ಹದಿನಾಲ್ಕು ವರ್ಷದ ಪತ್ರಿಕಾ ಶಿಸ್ತು ನನ್ನ ಪೆನ್ನಿನ ಮುಚ್ಚಳ ಹಾಕಿತು.

ಈ ವಿಷಯವಾಗಿ ಅವಳು ಗಂಡನಿಗೆ ಅಂದೂ ಆಮೇಲೂ ಒಂದು ಮಾತೂ ಆಡಲಿಲ್ಲವಂತೆ. ಶ್ರೀಕಂಠ ಬೈಗುಳಕ್ಕೆ ಕಾದ, ಅಳುವಿಗೆ ಕಾದ, ಬರಲಿಲ್ಲ. ಬದಲಿಗೆ ಪ್ರತಿ ಶನಿವಾರ ಮಧ್ಯಾಹ್ನ ಅವಳು ಸೊಪ್ಪಿನ ಕಂತೆ, ಮೊರ ತೆಗೆದುಕೊಂಡು ಹಜಾರದ ಬಾಗಿಲು ಮುಂದೆ ಮಾಡಿಕೊಂಡು ವಿಸಿಆರಿನ ಎದುರು ಕೂರುತ್ತಿದ್ದಳು. ಅವನು ಒಳಗೆ ಹೋಗುವಂತಿರಲಿಲ್ಲ. ಹೋಗಬೇಡಿ ಎಂದು ಅವಳು ಹೇಳಿದ್ದಳೆಂದಲ್ಲ. ಬನ್ನಿ ಎಂದು ಕರೆಯಲಿಲ್ಲ, ಅಷ್ಟೆ. ಕಂಪನಿಯಲ್ಲಿ ನಲವತ್ತು ಜನರ ಮೇಲೆ ಅಧಿಕಾರ ನಡೆಸುವವನು ತನ್ನ ಮನೆಯ ಅಡುಗೆಕಟ್ಟೆಗೆ ಒರಗಿ ಅರ್ಧ ಗಂಟೆ ಕಾಯುತ್ತಿದ್ದ.

ಅರ್ಧ ಗಂಟೆ ಏಕೆಂದರೆ, ತಂದೆ ಬರುವುದು ಇಪ್ಪತ್ತು ಸೆಕೆಂಡು ಮಾತ್ರ. ವಿಸಿಆರಿನ ಅಂಕಿ ಎಣಿಸುವ ಯಂತ್ರ ಕೆಟ್ಟಿತ್ತು. ಟೇಪನ್ನು ಮುಂದಕ್ಕೋಡಿಸಿದರೆ ಅವರು ಬಂದು ಹೋಗಿಬಿಡುತ್ತಿದ್ದರು. ಆದ್ದರಿಂದ ಪಂದ್ಯದ ಕೊನೆಯ ಭಾಗದಿಂದ ಹಾಕಿ, ಸೊಪ್ಪು ಬಿಡಿಸುತ್ತಾ, ಆಟ ಮುಗಿಯುವುದನ್ನು ಕಾಯಬೇಕಿತ್ತು. ಹೀಗೆ, ಫುಟ್‌ಬಾಲನ್ನು ಕಂಡರಾಗದ ಹೆಂಗಸೊಬ್ಬಳು ಆಸ್ಟ್ರೇಲಿಯದ ಒಬ್ಬ ಹುಡುಗ ಅದೇ ಮೂರು ಗೋಲು ತಪ್ಪಿಸುವುದನ್ನು, ಯಾವ ತರಬೇತುದಾರನೂ ನೋಡದಷ್ಟು ಸಲ ನೋಡಿದಳು.

ಮುಂದಿನ ವರ್ಷದ ಒಂದು ಭಾನುವಾರ ಸೋಫಾದಲ್ಲಿ ಎಂದಿನ ಸಭೆ ನಡೆದಿತ್ತು. ಕೊಕ್ಕರೆಯನ್ನು ಕೈಬಿಡಬೇಕೆಂದು ಶ್ರೀಕಂಠ, ಎಲುಬು ಇನ್ನೂ ಬೆಳೆಯುತ್ತಿದೆಯೆಂದು ಇಟಗಿ. ಕಾಫಿ ತಂದ ವತ್ಸಲಾ ಲೋಟ ಇಡುತ್ತಾ ಅಂದಳು:

"ಅವನ ಎಲುಬಿಗೇನೂ ಆಗಿಲ್ಲ ಡಾಕ್ಟ್ರೇ. ಒದೆಯೋಕೆ ಮುಂಚೆ ಚೆಂಡು ನೋಡೋದು ಬಿಟ್ಟು ತಲೆ ಎತ್ತಿ ಜನರನ್ನ ನೋಡ್ತಾನೆ. ಅದಕ್ಕೇ ಬಲಕ್ಕೆ ಹೋಗುತ್ತೆ. ಜನ ಇಲ್ಲದ ಕಡೆ ಒದೆಯೋವಾಗ ಸರಿಯಾಗೇ ಒದೀತಾನೆ, ಪಾಪ."

ನಾವು ಮೂವರೂ ಆ ವಾರ ಬಂದಿದ್ದ ಕ್ಯಾಸೆಟ್ಟು ಹಾಕಿ ನೋಡಿದೆವು. ಕೊಕ್ಕರೆ ಓಡಿ ಬಂದ; ತಲೆ ಎತ್ತಿದ; ಚೆಂಡು ಬಲಕ್ಕೆ ಹೋಯಿತು.

"ವೈನಿ," ಎಂದರು ಇಟಗಿ, "ಆ ಕ್ಲಬ್ಬಿನವರು ನಿಮ್ಮನ್ನ ಡ್ರಾಫ್ಟ್ ಮಾಡ್ಕೋಬೇಕಾಗಿತ್ತು ನೋಡ್ರಿ."

ಕ್ಲಬ್ಬಿಗೆ ಈ ವಿಚಾರ ತಲುಪಲಿಲ್ಲ. ನಾಲ್ಕು ಋತು ಕಾದು ಕೊಕ್ಕರೆಯ ಹೆಸರನ್ನು ಪಟ್ಟಿಯಿಂದ ತೆಗೆದರು. ಗೋಧಿಯ ಊರಿಗೆ ಹಿಂತಿರುಗಿದನೆಂದು ಕೇಳಿದೆ. "ನಾನು ಆವತ್ತೇ ಹೇಳಿದ್ದೆ," ಎಂದ ಶ್ರೀಕಂಠ. ನಾನು ನೋಟ್‌ಬುಕ್ಕು ತೆರೆಯುವ ಶ್ರಮ ತೆಗೆದುಕೊಳ್ಳಲಿಲ್ಲ.

ಡಿವಿಡಿಯ ಕಾಲ ಬಂದು ವಿಸಿಆರು ಮುದಿಯಾಯಿತು. ಟೇಪು ಸವೆದು ತಂದೆಯ ಮುಖದ ಮೇಲೆ ಗೆರೆಗಳು ಓಡಾಡತೊಡಗಿದವು. ಹ್ಯೂಸ್ಟನ್ನಿನಲ್ಲಿ ಭಾರತದ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಿಕೊಡುವ ಅಂಗಡಿಯೊಂದನ್ನು ಇಟಗಿ ಹುಡುಕಿದರು. ಒಂದು ಶನಿವಾರ ನಾಲ್ವರೂ ಹೋದೆವು. ಅಂಗಡಿಯ ಗುಜರಾತಿ ಕ್ಯಾಸೆಟ್ಟು ಹಾಕಿ ನೋಡಿ, ಇದೇನು ಈ ವಿಚಿತ್ರ ಎಂಬಂತೆ ನಮ್ಮ ಮುಖ ನೋಡಿ, "ಭಾಭೀಜಿ, ಕಹಾಂ ಸೇ ಕಟ್ ಕರೂಂ?" ಎಂದ.

"ಆಟ ಎಲ್ಲಾ ತೆಗೆಸಿಬಿಡೋಣ," ಎಂದ ಶ್ರೀಕಂಠ. ಇಷ್ಟು ವರ್ಷದ ಪ್ರಾಯಶ್ಚಿತ್ತ ಆ ಮಾತಿನಲ್ಲಿತ್ತು. "ಮದುವೆ ಮಾತ್ರ ಇರಲಿ."

"ಬೇಡ," ಎಂದಳು ವತ್ಸಲಾ. "ಕೊನೇ ಭಾಗ ಪೂರ್ತಿ ಇರಲಿ. ಆ ಹುಡುಗನ್ನ ತೆಗೀಬೇಡಿ."

ಶ್ರೀಕಂಠ ಬಾಯಿ ತೆರೆದ. ಅವಳು ಅವನಿಗೇ, ಮಗ್ಗಿ ಹೇಳಿಕೊಡುವವಳಂತೆ, ಹೇಳಿದಳು:

"ಗೋಲಾದಾಗಲೆಲ್ಲ ಟೀವಿಯವರು ಒಂದು ಜಾಹೀರಾತು ಹಾಕ್ತಾರೆ. ಮುಕ್ಕಾಲು ನಿಮಿಷ. ಗೋಲು ತಪ್ಪಿದ್ರೆ ಹಾಕಲ್ಲ, ಆಟ ಹಂಗೇ ಮುಂದುವರಿಯುತ್ತೆ. ಅವನು ಮೂರೂ ಒದ್ದಿದ್ರೆ ಮೂರು ಜಾಹೀರಾತು, ಎರಡೂಕಾಲು ನಿಮಿಷ. ಅಪ್ಪ ಬರೋದು ಆಟ ಮುಗಿದ ಒಂದೂವರೆ ನಿಮಿಷಕ್ಕೆ. ಬಂದು ಹೋಗೋದಕ್ಕೆ ಇಪ್ಪತ್ತು ಸೆಕೆಂಡು. ಲೆಕ್ಕ ಹಾಕಿ."

ಶ್ರೀಕಂಠ ಬೆರಳು ಮಡಿಸಿ ಎಣಿಸತೊಡಗಿದ.

"ಅಲ್ಲದೆ ಹನ್ನೊಂದು ಅಂಕದಲ್ಲಿ ಸೋತಿದ್ದು. ಮೂರಕ್ಕೂ ಆರಾರು ಬಂದಿದ್ರೆ ಗೆಲ್ತಿದ್ರಿ. ಗೆದ್ದಿದ್ರೆ ಮುರಳಿ ನಿಮಗೋಸ್ಕರ ಕ್ಲಬ್ಬಿನ ಹಾಡನ್ನೂ ರೆಕಾರ್ಡ್ ಮಾಡಿರ್ತಿದ್ದ. ಅವನು ತಪ್ಪಿಸಿದ್ದಕ್ಕೇ ಅಪ್ಪ ಉಳಿದಿದ್ದು."

ನಾನು ನಂಬಿಕೆಯ ಮೇಲೆ ಏನನ್ನೂ ಅಚ್ಚಿಗೆ ಕಳಿಸುವವನಲ್ಲ. ಆ ಅಂಗಡಿಯಲ್ಲೇ ಕೈಗಡಿಯಾರ ಹಿಡಿದು ಬೇರೆ ಗೋಲುಗಳ ಜಾಹೀರಾತನ್ನು ಅಳೆದೆ. ಮೇಷ್ಟ್ರ ಮಗಳು ಒಂದು ಸೆಕೆಂಡೂ ಹೆಚ್ಚು ಹೇಳಿರಲಿಲ್ಲ. ಪತ್ರಿಕೆಯವರು ತಪ್ಪೊಪ್ಪಿಗೆಯನ್ನು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವುದು ರೂಢಿ. ನಾನೂ ಆ ಸಂಪ್ರದಾಯ ಮುರಿಯದೆ ನೋಟ್‌ಬುಕ್ಕಿನ ಹಳೆಯ ಪುಟದ ಅಂಚಿನಲ್ಲಿ ಬರೆದೆ: ‘ಮೂರೂ ವ್ಯರ್ಥ ಎಂದಿರುವುದನ್ನು ಕೈಬಿಡಲಾಗಿದೆ.’ ಆರಿಸಿದವರು ಸರಿಯೋ, ಬಿಟ್ಟವರು ಸರಿಯೋ ಎಂದು ಅಷ್ಟು ವರ್ಷ ದಾಖಲಿಸಿದ ಉಳಿದ ಪುಟಗಳನ್ನು ಏನು ಮಾಡಬೇಕೆಂದು ಇನ್ನೂ ತೋಚಿಲ್ಲ. ಯಾವುದು ಯಾವುದನ್ನು ಉಳಿಸಿತೆಂದು ತಿಳಿಯಲು ಟೇಪು ಕೊನೆಯವರೆಗೂ ಓಡಬೇಕು. ನಾವು ಆಟ ಮುಗಿದೊಡನೆ ನಿಲ್ಲಿಸುವವರು.

ಆ ಸಂಜೆ ಇಟಗಿಯವರ ಸೈಪ್ರೆಸ್ ಮನೆಯಲ್ಲಿ ಡಿವಿಡಿ ಹಾಕಿದರು. ಶ್ರೀಕಂಠ ಅಭ್ಯಾಸಬಲದಿಂದ ಅಡುಗೆಕಟ್ಟೆಯ ಕಡೆ ಹೊರಟಿದ್ದ.

"ಎಲ್ಲಿಗೆ ಹೋಗ್ತೀರಿ?" ಎಂದಳು ವತ್ಸಲಾ, ಪರದೆಯಿಂದ ಕಣ್ಣು ತೆಗೆಯದೆ. "ಬನ್ನಿ, ಕೂತ್ಕೊಳ್ಳಿ. ಮೂರನೇದು ತಪ್ಪಿಸ್ತಾನೆ ಈಗ."

ಅವನು ಬಂದು ಕುಳಿತ. ಬಿಳಿ ಕೋಟಿನವನು ಒಂದೇ ಬೆರಳು ಚಾಚಿದ. ಆಯ್ಕೆ ಸಮಿತಿಯನ್ನು ಯಾರೂ ಬಯ್ಯಲಿಲ್ಲ.

ಸೌತ್‌ಲೇಕಿನ ವಿಸಿಆರಿಗೆ ಈಗ ಕೆಲಸವಿಲ್ಲ. ಅದರ ಹಸಿರು ಅಂಕಿಗಳು ಯಾವುದೋ ದೇಶದ ಗಂಟೆಯನ್ನು ತೋರಿಸುತ್ತಿವೆ. ಆದರೂ ಆಯುಧಪೂಜೆಯಂದು ಕಸೂತಿಯ ಬಟ್ಟೆ ಸರಿಸಿ ಅದರ ಹಣೆಗೆ ಬೊಟ್ಟಿಡುತ್ತಾರೆ. ಪಕ್ಕದ ಕ್ಯಾಸೆಟ್ಟುಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ. ಅದರ ಬೆನ್ನ ಮೇಲೆ ಈಗ ಲೇಬಲ್ಲೂ ಇದೆ. ವತ್ಸಲಾಳ ದುಂಡನೆಯ ಅಕ್ಷರ: ‘ಕೊಕ್ಕರೆ, ಆಮೇಲೆ ಅಪ್ಪ.’